ಯಾರ ಹಾಗೆ ಹಾಡುತ್ತಾಳೆ?

ಮಗು ಹುಟ್ಟಿದ ಮನೆಗೆ ಹೋದವರು ಮೊದಲು ಮಾಡುವ ಕೆಲಸವೆಂದರೆ ಅದರ ಮೂಗು ಯಾರದು, ಹಣೆ ಯಾರದು ಎಂದು ಪಾಲು ಹಂಚುವುದು. ಮೂಗು ತಾತನದು, ಕಿವಿ ಸೋದರಮಾವನದು, ಬಣ್ಣ ಮಾತ್ರ ಅತ್ತೆಯ ಕಡೆಯದು. ಹೀಗೆ ಹಂಚಿ ಮುಗಿಸುವ ಹೊತ್ತಿಗೆ ಮಗುವಿಗೆ ತನ್ನದೆಂದು ಹೇಳಿಕೊಳ್ಳಲು ಅಳುವೊಂದೇ ಉಳಿದಿರುತ್ತದೆ. ಅದೂ ಸ್ವಲ್ಪ ಗಟ್ಟಿಯಾಗಿದ್ದರೆ ಯಾರಾದರೊಬ್ಬ ಹಿರಿಯರ ಲೆಕ್ಕಕ್ಕೆ ಹೋಗುವುದುಂಟು. ಸಂಗೀತದ ವಿಷಯದಲ್ಲಿ ನಮ್ಮ ರಸಿಕರ ನಡತೆ ಇದಕ್ಕಿಂತ ಬೇರೆಯಾಗಿಲ್ಲ. ಹೊಸ ಗಾಯಕನೊಬ್ಬ ಕಛೇರಿಗೆ ಕುಳಿತು ವರ್ಣ ಮುಗಿಸುವುದರೊಳಗಾಗಿ ಮುಂದಿನ ಸಾಲಿನಲ್ಲಿ ತೀರ್ಪು ಆಗಿಹೋಗಿರುತ್ತದೆ: "ಥೇಟು ಅವರದೇ ಬಾಣಿ, ಬೇಕಾದರೆ ಕಣ್ಣು ಮುಚ್ಚಿ ಕೇಳಿ!" 'ಅವರು' ಎಂದರೆ ಸಾಮಾನ್ಯವಾಗಿ ತೀರಿಕೊಂಡವರು. ಕಣ್ಣು ಮುಚ್ಚಿ ಎಂಬ ಮಾತನ್ನು ಗಮನಿಸಬೇಕು. ಎದುರಿಗೆ ಕುಳಿತು ಹಾಡುತ್ತಿರುವವನು ಕಾಣಿಸದಿದ್ದರೇ ಸುಖ ಹೆಚ್ಚು ಎಂದು ಅದರ ಅರ್ಥ.

ನಮ್ಮ ಅತ್ತಿಗೆ ಒಳ್ಳೆಯ ಹಾಡುಗಾರ್ತಿ. ಒಂದು ರಾಮನವಮಿಯಂದು ಆಕೆ ದೇವರ ಮುಂದೆ ಹಾಡಿ ನಿಲ್ಲಿಸಿದಾಗ ಬೀದಿಯ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಅಮ್ಮಾ, ಕಣ್ಣು ಮುಚ್ಚಿಕೊಂಡರೆ ಸಾಕ್ಷಾತ್ ಎಂ. ಎಸ್. ಅವರೇ" ಎಂದರು. ಅತ್ತಿಗೆ ಶ್ರುತಿಪೆಟ್ಟಿಗೆಯನ್ನು ಆರಿಸಿ, "ಅವರ ಪ್ಲೇಟುಗಳೇ ಮನೆಯಲ್ಲಿವೆ, ಹಾಕಿಕೊಂಡು ಕೇಳಿ ರಾಯರೇ. ನಾನು ಪಾನಕಕ್ಕೆ ಬೆಲ್ಲ ಕುಟ್ಟಬೇಕು" ಎಂದು ಎದ್ದು ಒಳಗೆ ಹೋದರು. ರಾಯರಿಗೆ ತಾವು ಏನು ತಪ್ಪು ಆಡಿದೆವೆಂಬುದು ಪಾನಕ ಕುಡಿದು ಮುಗಿಸಿದರೂ ತಿಳಿಯಲಿಲ್ಲ.

ಈ ಚಾಳಿ ನಮ್ಮ ಬೀದಿಗೇ ಮೀಸಲಲ್ಲ. ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ಸಂಸ್ಥಾನದ ಸಣ್ಣ ಊರೊಂದರಿಂದ ಮೇಲೆದ್ದು ಬಂದ 'ಅಲಬಾಮಾ ಶೇಕ್ಸ್' ಎಂಬ ರಾಕ್ ತಂಡದ ಕತೆಯಲ್ಲಿ ನಮ್ಮ ರಾಯರಂಥವರು ಹೆಜ್ಜೆಹೆಜ್ಜೆಗೂ ಸಿಕ್ಕುತ್ತಾರೆ. ನನಗೆ ಈ ತಂಡದ ಪರಿಚಯ ಮಾಡಿಸಿದವನು ಮೊಮ್ಮಗ. ಬ್ಯಾಂಡು ಎಂದರೆ ಮದುವೆಯ ಮೆರವಣಿಗೆಯಲ್ಲಿ ಗ್ಯಾಸ್‌ಲೈಟಿನ ಹಿಂದೆ ಬರುತ್ತಿದ್ದ ಕೆಂಪು ಅಂಗಿಯವರು ಎಂದು ತಿಳಿದು ಬೆಳೆದ ಪೀಳಿಗೆ ನಮ್ಮದು. ಅವನು ಫೋನನ್ನು ಮೇಜಿನ ಮೇಲಿಟ್ಟು, "ನಡುವೆ ಏನೂ ಅನ್ನಬೇಡ ತಾತ, ಮುಗಿದ ಮೇಲೆ ಹೇಳು" ಎಂದು ಕರಾರು ಮಾಡಿಕೊಂಡೇ ಹಾಡು ಹಾಕಿದ. ಗಿಟಾರು ನಿಧಾನವಾಗಿ, ಬಿಸಿಲಲ್ಲಿ ಬರಿಗಾಲಲ್ಲಿ ನಡೆದವರ ಹಾಗೆ, ಒಂದು ಹೆಜ್ಜೆ ಎತ್ತಿ ಒಂದು ಹೆಜ್ಜೆ ತಡೆದು ಬರುತ್ತಿತ್ತು. ಡ್ರಮ್ಮಿನವನಿಗೂ ಅವಸರವಿರಲಿಲ್ಲ. ಆಮೇಲೆ ಹೆಂಗಸಿನ ಕಂಠ. ಮೊದಲು ಮಾತಾಡಿದ ಹಾಗೆ ಶುರುವಾಗಿ, ನಾಲ್ಕು ಸಾಲು ಕಳೆಯುವುದರೊಳಗೆ ಆ ಕಂಠ ಒಡೆಯಿತು. ಅಪಸ್ವರವಾಗಿ ಒಡೆದದ್ದಲ್ಲ; ಕಟ್ಟೆ ಒಡೆದ ಹಾಗೆ ಒಡೆದದ್ದು.

ಹಾಡುವವಳ ಹೆಸರು ಬ್ರಿಟನಿ ಹೊವರ್ಡ್. 1988ರಲ್ಲಿ ಅಲಬಾಮಾದ ಉತ್ತರ ಭಾಗದ ಅಥೆನ್ಸ್ ಎಂಬ ಊರಿನಲ್ಲಿ ಹುಟ್ಟಿದವಳು. ಗ್ರೀಸಿನ ಅಥೆನ್ಸಲ್ಲ, ಹೆಸರಿನ ಆಸೆಯಿಂದ ಇಟ್ಟುಕೊಂಡ ಅಥೆನ್ಸ್. 2010ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 22,000. ತಂದೆಗೆ ಹಳೆಯ ಕಾರುಗಳ ಗುಜರಿ. ಅಕ್ಕ ಜೇಮಿ ತಂಗಿಗೆ ಪಿಯಾನೋ ನುಡಿಸುವುದನ್ನೂ ಪದ್ಯ ಕಟ್ಟುವುದನ್ನೂ ಕಲಿಸಿದಳು. ಆ ಅಕ್ಕ 1998ರಲ್ಲಿ, 13ನೆಯ ವಯಸ್ಸಿನಲ್ಲಿ, ಕಣ್ಣಿನಲ್ಲಿ ಹುಟ್ಟುವ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ರೋಗ ತಂಗಿಗೂ ತಗುಲಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ತೆಗೆದುಕೊಂಡು ಬಿಟ್ಟುಕೊಟ್ಟಿತು. ನಾನು ಕೇಳಿದ ಹಾಡಿನಲ್ಲಿ, ತಾನು 22 ವರ್ಷ ಮುಟ್ಟುತ್ತೇನೆಂದು ಎಣಿಸಿರಲಿಲ್ಲ ಎನ್ನುವ ಮಾತು ಬರುತ್ತದೆ. ಹರೆಯದ ಹುಡುಗಿಯ ಶೋಕಿಯ ಮಾತು ಎಂದು ಅದನ್ನು ತಳ್ಳಿಹಾಕುವಂತಿಲ್ಲ. ಹಾಡು ಮುಂದುವರಿದಂತೆ ಮೇಲಿನಿಂದ ಯಾರೋ ಕರೆಯುತ್ತಾರೆ, ಅವಳ ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ದಾಸರು ಕೊನೆಯ ನುಡಿಯಲ್ಲಿ ವಿಠಲನ ಅಂಕಿತವಿಟ್ಟು ತಾವು ಮರೆಯಾದರು. ಈ ಹುಡುಗಿ ದೇವರ ಬಾಯಲ್ಲಿ ತನ್ನ ಅಂಕಿತವನ್ನು ಹಾಕಿಸಿಕೊಂಡಿದ್ದಾಳೆ. ಧೈರ್ಯ ನೋಡಿ!

ತಂಡ ಕೂಡಿದ ಬಗೆ ನಮ್ಮ ಹವ್ಯಾಸಿ ನಾಟಕ ಸಂಘಗಳನ್ನು ನೆನಪಿಗೆ ತರುತ್ತದೆ. ಹೈಸ್ಕೂಲಿನ ಮನಶ್ಶಾಸ್ತ್ರದ ತರಗತಿಯಲ್ಲಿ ಬ್ರಿಟನಿಗೆ ಪರಿಚಯವಾದವನು ಜ್ಯಾಕ್ ಕಾಕ್ರೆಲ್. ಅವನು ತೊಟ್ಟಿದ್ದ ಅಂಗಿಯ ಮೇಲೆ ಅವಳಿಗೆ ಪ್ರಿಯವಾದ ಬ್ಯಾಂಡೊಂದರ ಹೆಸರಿತ್ತು, ಅಷ್ಟೇ ಸಾಕಾಯಿತು. ಊರಿನ ವಾದ್ಯದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ಟೀವ್ ಜಾನ್ಸನ್ ಡ್ರಮ್ಮಿಗೆ ಬಂದ. ಹೀತ್ ಫಾಗ್ ಎಂಬ ಗಿಟಾರಿನವನಿಗೆ ಬೇರೆಯದೇ ತಂಡವಿತ್ತು. ತನ್ನ ತಂಡಕ್ಕಿಂತ ಮುಂಚೆ ನೀವು ನುಡಿಸಿ ಎಂದು ಅವನು ಇವರನ್ನು ಕರೆದ. ನೀನೂ ನಮ್ಮ ಜೊತೆ ನುಡಿಸಿದರೆ ಆಗಬಹುದು ಎಂದು ಇವರು ಪಟ್ಟು ಹಿಡಿದರು. 2009ರಲ್ಲಿ ಪಕ್ಕದ ಡಿಕೇಟರ್ ಊರಿನ ಒಂದು ಪಾನಗೃಹದಲ್ಲಿ ನಾಲ್ವರೂ ಕೂಡಿ ನುಡಿಸಿದರು. ಆಗ ಬರಿಯ 'ಶೇಕ್ಸ್'. ಅದೇ ಹೆಸರಿನವರು ಬೇರೆಯವರೂ ಇದ್ದುದರಿಂದ ಮುಂದೆ ಊರಿನವರು ಇನಿಶಿಯಲ್ ಹಚ್ಚಿಕೊಳ್ಳುವಂತೆ 'ಅಲಬಾಮಾ' ಸೇರಿಸಿಕೊಂಡರು.

ಹೊಟ್ಟೆಪಾಡು ಬೇರೆ ಇತ್ತು. ಬ್ರಿಟನಿ ಅಂಚೆ ಹಂಚುತ್ತಿದ್ದಳು. ಜಾನ್ಸನ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ದುಡಿಯುತ್ತಿದ್ದ, ಫಾಗ್ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ, ಕಾಕ್ರೆಲ್ ಪಶುವೈದ್ಯಶಾಲೆಯಲ್ಲಿದ್ದ. ಹಗಲು ಕೆಲಸ, ಸಂಜೆ ಅಭ್ಯಾಸ, ಶನಿವಾರ ಎಲ್ಲಿಯಾದರೂ ಪಾನಗೃಹದಲ್ಲಿ ಬಾಜನೆ. ಅಲ್ಲಿ ಗಿರಾಕಿಗಳು ತಮಗೆ ಗೊತ್ತಿರುವ ಹಾಡನ್ನೇ ಕೇಳುತ್ತಾರೆ, ಆದ್ದರಿಂದ ಜೇಮ್ಸ್ ಬ್ರೌನನದೊಂದು, ಓಟಿಸ್ ರೆಡ್ಡಿಂಗನದೊಂದು, ಲೆಡ್ ಜೆಪ್ಲಿನ್ನರದೊಂದು ಹಾಡಿ, ನಡುವೆ ಕಳ್ಳಸಾಗಣೆಯ ಸರಕಿನಂತೆ ತಮ್ಮದೊಂದನ್ನು ಸೇರಿಸುತ್ತಿದ್ದರು. ಕೂಡಿಟ್ಟ ಹಣದಿಂದ ಸುಮಾರು 100 ಮೈಲಿ ದೂರದ ನ್ಯಾಶ್‌ವಿಲ್ಲಿಗೆ ಹೋಗಿ ಧ್ವನಿಮುದ್ರಣ ಮಾಡಿಸಿಕೊಂಡರು. 2011ರ ಬೇಸಗೆಯಲ್ಲಿ ಅವರ ಒಂದು ಹಾಡು ಊರಾಚೆಯ ಕಿವಿಗಳಿಗೆ ಬಿದ್ದದ್ದೇ ತಡ, ಕಂಪೆನಿಗಳವರು ಹುಡುಕಿಕೊಂಡು ಬಂದರು. ಆಮೇಲೆ ಬೇರೆಯವರು ಅಂಚೆ ಹಂಚಿದರು.

ಅವರು ಹಾಡುತ್ತಿದ್ದುದು ಏನು ಎಂಬುದನ್ನು ಒಂದಿಷ್ಟು ಹೇಳಬೇಕು. ರಾಕ್ ಸಂಗೀತದ ಅಜ್ಜ ಬ್ಲೂಸ್. ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಅದು. ಒಂದು ಮಾತು ಹೇಳಿ, ಅದನ್ನೇ ಮತ್ತೆ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಜವಾಬು ಕೊಡುವುದು ಅದರ ಹಳೆಯ ಕಟ್ಟು. ನಾಲ್ಕು ನಾಲ್ಕು ಮಾತ್ರೆಯ 12 ಗುಂಪುಗಳಿಗೆ ಒಂದು ಸುತ್ತು. ಪಿಯಾನೋ ಹಾರ್ಮೋನಿಯಂಗಳಲ್ಲಿ ಸಿಕ್ಕದ ಒಂದು ಗಾಂಧಾರ ಅದಕ್ಕೆ ಬೇಕು. ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಎರಡು ಮನೆಗೂ ಸೇರದ ಅಳಿಯನ ಹಾಗೆ ತೂಗಾಡುವ ಗಾಂಧಾರ. ಇನ್ನು ಸೋಲ್ ಎಂಬುದು, ಚರ್ಚಿನಲ್ಲಿ ದೇವರ ಮೇಲೆ ಹಾಡುತ್ತಿದ್ದ ಕಂಠವನ್ನು 1950ರ ದಶಕದಲ್ಲಿ ಮನುಷ್ಯಪ್ರೇಮದ ಕಡೆಗೆ ತಿರುಗಿಸಿದ್ದು. ಹೆಸರಿನ ಅರ್ಥ ಆತ್ಮ, ಕನ್ನಡದ ಸೋಲಲ್ಲ. ಆದರೆ ಹಾಡುಗಳ ವಿಷಯ ನೋಡಿದರೆ ನಮ್ಮ ಅರ್ಥವೂ ತೀರ ದೂರ ಹೋಗುವುದಿಲ್ಲ.

ಈ ಎರಡಕ್ಕೂ ಅಥೆನ್ಸಿನ ನೆರೆಹೊರೆ ತವರುಮನೆ ಇದ್ದ ಹಾಗೆ. ಸುಮಾರು 40 ಮೈಲಿ ಪಶ್ಚಿಮಕ್ಕೆ, ಟೆನೆಸಿ ನದಿಯ ದಡದಲ್ಲಿ, ಫ್ಲಾರೆನ್ಸ್ ಎಂಬ ಊರಿದೆ. ಬ್ಲೂಸಿನ ಪಿತಾಮಹನೆನಿಸಿಕೊಂಡ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಅಲ್ಲಿ ಹುಟ್ಟಿದ. ಹುಡುಗ ಪೈಸೆ ಪೈಸೆ ಕೂಡಿಸಿ ಗಿಟಾರು ತಂದರೆ, ಪಾದ್ರಿಯಾಗಿದ್ದ ತಂದೆ ಅದನ್ನು ಅಂಗಡಿಗೆ ಹಿಂತಿರುಗಿಸಿ ಬದಲಿಗೆ ನಿಘಂಟು ತರಿಸಿದನಂತೆ. ನಿಘಂಟಿನಲ್ಲಿ ಬ್ಲೂಸ್ ಇರಲಿಲ್ಲವೆಂದು ಕಾಣುತ್ತದೆ. 1903ರಲ್ಲಿ ಮಿಸಿಸಿಪಿಯ ಒಂದು ರೈಲು ನಿಲ್ದಾಣದಲ್ಲಿ, ಗಿಟಾರಿನ ತಂತಿಯ ಮೇಲೆ ಚಾಕು ಜಾರಿಸುತ್ತ ಹಾಡುತ್ತಿದ್ದ ಹರಕು ಬಟ್ಟೆಯವನೊಬ್ಬನಿಂದ ಅದನ್ನು ಕೇಳಿದೆನೆಂದು ಅವನೇ ಬರೆದಿದ್ದಾನೆ.

ನದಿಯ ಆಚೆ ದಡ ಮಸಲ್ ಶೋಲ್ಸ್. 1960ರ ದಶಕದಲ್ಲಿ ರಿಕ್ ಹಾಲ್ ಎಂಬಾತ ಅಲ್ಲಿ 'ಫೇಮ್' ಎಂಬ ಧ್ವನಿಮುದ್ರಣಶಾಲೆ ನಡೆಸಿದ. ಅವನು ಮುದ್ರಿಸಿಕೊಂಡ ಆರ್ಥರ್ ಅಲೆಕ್ಸಾಂಡರ್ ಹೋಟೆಲಿನಲ್ಲಿ ಸಾಮಾನು ಹೊರುತ್ತಿದ್ದವನು. 1966ರಲ್ಲಿ ಅಮೆರಿಕವನ್ನೆಲ್ಲ ಕರಗಿಸಿದ ಪರ್ಸಿ ಸ್ಲೆಜ್ ಅಲ್ಲಿಯೇ ನೆರೆಯ ಆಸ್ಪತ್ರೆಯ ಜವಾನ. ಹೀಗಾಗಿ ಅಂಚೆ ಹಂಚುವವಳು ಹಾಡಿದ್ದು ಆ ಸೀಮೆಗೆ ಸೋಜಿಗವೇನಲ್ಲ. 1967ರ ಜನವರಿಯಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಬಂದು ಒಂದು ಹಾಡು ಮುಗಿಸಿ, ಒಂದು ಜಗಳವಾಗಿ, ಮಿಕ್ಕದ್ದನ್ನು ಅಲ್ಲಿ ಮುಗಿಸದೆ ಹೋದಳು. ಆ ಒಂದೇ ಹಾಡು ಅವಳ ಅದೃಷ್ಟವನ್ನು ತಿರುಗಿಸಿತು. ಇಷ್ಟೂ ನಡೆದದ್ದು, ಕಪ್ಪು ವಿದ್ಯಾರ್ಥಿಗಳು ಒಳಗೆ ಬರಬಾರದೆಂದು ಟಸ್ಕಲೂಸಾದ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ಗವರ್ನರು ತಾನೇ ಅಡ್ಡ ನಿಂತ 1963ರ ಆಸುಪಾಸಿನಲ್ಲಿ, ಅದೇ ಅಲಬಾಮಾದಲ್ಲಿ. ವಿಶೇಷವೆಂದರೆ, ಈ ಕಪ್ಪು ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದವರು ಆ ಊರಿನ ಬಿಳಿಯ ಹುಡುಗರು. 1972ರ ಸ್ಟೇಪಲ್ ಸಿಂಗರ್ಸ್ ಹಾಡೊಂದನ್ನು ಕೇಳಿ ಮೆಚ್ಚಿದ ಪಾಲ್ ಸೈಮನ್, "ಆ ಕಪ್ಪು ವಾದಕರು ನನಗೆ ಬೇಕು" ಎಂದು ವಿಚಾರಿಸಿದನೆಂದೂ, "ಕೊಡೋಣ, ಆದರೆ ಅವರು ಬಹಳ ಬಿಳಿಚಿಕೊಂಡಿದ್ದಾರೆ" ಎಂಬರ್ಥದ ಉತ್ತರ ಬಂದಿತೆಂದೂ ಒಂದು ಕತೆ ಪ್ರಚಾರದಲ್ಲಿದೆ. ಕಣ್ಣು ಮುಚ್ಚಿ ಕೇಳುವುದರ ಫಲ!

ಇಂಥ ನೆಲದಿಂದ ಬಂದ ತಂಡ. 2012ರ ಏಪ್ರಿಲಿನಲ್ಲಿ 'ಬಾಯ್ಸ್ ಅಂಡ್ ಗರ್ಲ್ಸ್' ಎಂಬ ಮೊದಲ ಆಲ್ಬಂ ಹೊರಬಂತು. ಆಲ್ಬಂ ಎಂದರೆ ನಾವು ಪ್ಲೇಟು ಎನ್ನುತ್ತಿದ್ದುದೇ. ಮೂಗು ಹಣೆ ಹಂಚುವವರು ಧಾವಿಸಿದರು. ಗುಡುಗು ಓಟಿಸ್ ರೆಡ್ಡಿಂಗನದು, ಚೀರು ಜಾನಿಸ್ ಜಾಪ್ಲಿನ್ನಳದು, ಒಳಗಿನ ಬಿಸಿ ಅರೀಥಾಳದು. ಓಟಿಸ್ 1967ರಲ್ಲಿ ವಿಮಾನಾಪಘಾತದಲ್ಲಿ ಸತ್ತವನು; ಜಾನಿಸ್ 1970ರಲ್ಲಿ ಸತ್ತವಳು. ಇಬ್ಬರೂ ಮೂವತ್ತು ಕಾಣಲಿಲ್ಲ. ಹಳೆಯ ಒಳ್ಳೆಯ ಸಂಗೀತ ಮರಳಿ ಬಂತು ಎಂದು ಹಿರಿಯರು ಸಂತೋಷಪಟ್ಟರು. 2013ರ ಏಪ್ರಿಲಿನಲ್ಲಿ ಅಧ್ಯಕ್ಷ ಒಬಾಮಾ ಅವರ ಶ್ವೇತಭವನದಲ್ಲಿ ಮೆಂಫಿಸ್ ಊರಿನ ಸೋಲ್ ಸಂಗೀತಕ್ಕೆಂದು ಒಂದು ಸಂಜೆ ಏರ್ಪಟ್ಟಾಗ, ಮೇವಿಸ್ ಸ್ಟೇಪಲ್ಸ್, ಸ್ಯಾಮ್ ಮೂರ್ ಅವರಂಥ ಹಳೆಯ ಹುಲಿಗಳ ಜೊತೆಗೆ ಈ ಎಳೆಯರನ್ನೂ ನಿಲ್ಲಿಸಿದರು. ಎರಡು ವರ್ಷದ ಹಿಂದೆ ಗೋಡೆಗೆ ಬಣ್ಣ ಬಳಿಯುತ್ತಿದ್ದವರಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಕೇಳಬಹುದು.

ಬೇಕಾದದ್ದು ಒಂದಿತ್ತು ಎಂದು ನನ್ನ ಅಭಿಪ್ರಾಯ. ಗೌರವ ಕೊಟ್ಟು ಕೂಡಿಸಿದ ಪೀಠ ಪೂರ್ವಿಕರದು. ಕಾಲು ಚಾಚಿದರೆ ಯಾರದಾದರೂ ಪಟಕ್ಕೆ ತಗಲುತ್ತದೆ. ಮೇಲೆ ಬರುತ್ತಿರುವವನಿಗೆ ಎದುರಾಗುವ ದೊಡ್ಡ ಅಪಾಯ ತಿರಸ್ಕಾರವಲ್ಲ. ಪಾನಗೃಹದಲ್ಲಿ ಯಾರೂ ಕೇಳದಿದ್ದಾಗ ಅವನು ಏನನ್ನಾದರೂ ಹಾಡಬಲ್ಲ. ಒಂದು ಹಾಡಿಗೆ ಊರೆಲ್ಲ ಕೈತಟ್ಟಿದ ಮರುದಿನದಿಂದ, ಅದೇ ಹಾಡನ್ನು ಇನ್ನೊಂದು ಹೆಸರಿನಲ್ಲಿ ಹಾಡು ಎಂಬ ಪ್ರೀತಿಯ ಒತ್ತಾಯ ಶುರುವಾಗುತ್ತದೆ. ಬೈದವರನ್ನು ಎದುರಿಸಬಹುದು, ಕಣ್ಣೊರೆಸಿಕೊಳ್ಳುವ ರಾಯರನ್ನು ಎದುರಿಸುವುದು ಹೇಗೆ? ಎಲ್ಲರಿಗೂ ಬೆಲ್ಲ ಕುಟ್ಟುವ ನೆವ ಸಿಕ್ಕುವುದಿಲ್ಲ.

ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬರ ನೆನಪು ಇಲ್ಲಿ ಬಾರದೆ ಇರದು. ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ ಚಿಕ್ಕ ಬಾಲಕನಾಗಿದ್ದಾಗಲೇ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಒಂದು ಮುರುಕಿಯೂ ತಪ್ಪದೆ ಹಾಡಿ ತೋರಿಸುತ್ತಿದ್ದರು. ಜನ ಹುಚ್ಚೆದ್ದು ಹೊಗಳಿದರು, ಕುಮಾರ ಗಂಧರ್ವ ಎಂಬ ಬಿರುದೂ ಬಂತು. 1940ರ ದಶಕದ ಕೊನೆಯಲ್ಲಿ ಅವರಿಗೆ ಕ್ಷಯ ತಗುಲಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಹೊರಗೆ ಮಾಳವದ ಹಳ್ಳಿಗರು ಹಾಡಿಕೊಳ್ಳುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಎದ್ದು ಮತ್ತೆ ಹಾಡಿದಾಗ ಬಂದದ್ದು ಯಾವ ಪ್ಲೇಟಿನಲ್ಲಿಯೂ ಇರದ ಗಾನ. ಇದೆಲ್ಲಿಯ ಸಂಪ್ರದಾಯ ಎಂದು ಮುಖ ಸಿಂಡರಿಸಿದವರು ಆಗಲೂ ಇದ್ದರು.

ಅಲಬಾಮಾದವರಿಗೆ ಕಾಯಿಲೆಯ ಬಿಡುವು ಬೇಕಾಗಲಿಲ್ಲ. 2015ರ ಏಪ್ರಿಲಿನಲ್ಲಿ ಎರಡನೆಯ ಆಲ್ಬಂ 'ಸೌಂಡ್ ಅಂಡ್ ಕಲರ್' ಬಂತು. ಗಿಟಾರಿನ ಬಿಸಿಲುನಡಿಗೆಯನ್ನು ನಿರೀಕ್ಷಿಸಿದವರಿಗೆ ಮೊದಲು ಕೇಳಿಸುವುದು ವೈಬ್ರಫೋನ್, ನಮ್ಮ ಜಲತರಂಗಕ್ಕೆ ದೂರದ ನಂಟನಂಥ ಲೋಹಪಟ್ಟಿಗಳ ವಾದ್ಯ. ಕತ್ತಲೆಯಲ್ಲಿ ಯಾರೋ ಬಟ್ಟಲುಗಳನ್ನು ಮುಟ್ಟಿ ನೋಡಿದ ಹಾಗೆ. ಇನ್ನೊಂದು ಹಾಡಿನಲ್ಲಿ ಗುಡುಗುತ್ತಿದ್ದವಳೇ ಸಣ್ಣ ಕೀರಲು ದನಿಯಲ್ಲಿ, ತುಕ್ಕು ಹಿಡಿದ ಬಾಗಿಲು ತೆರೆದಂತೆ, ಆರಂಭಿಸುತ್ತಾಳೆ. ಮತ್ತೊಂದರಲ್ಲಿ ಪಿಸುಮಾತು, ತಟ್ಟನೆ ಸಿಡಿಲು, ಮತ್ತೆ ಏನೂ ಆಗಲಿಲ್ಲವೆಂಬಂತೆ ಪಿಸುಮಾತು. ನಡುವೆ ಬಿಟ್ಟ ಮೌನವನ್ನು ಕೇಳಿದಾಗ, ಕಾರ್ವೆ ಹಿಡಿದು ನಿಲ್ಲುವ ಧೈರ್ಯವಿದ್ದ ನಮ್ಮ ಹಳೆಯ ವಿದ್ವಾಂಸರು ಈಕೆಯನ್ನು ಮೆಚ್ಚುತ್ತಿದ್ದರು ಎಂದುಕೊಂಡೆ. ನೋಡಿ, ನನ್ನ ಕೈಯೂ ಹೋಲಿಕೆಗೇ ಹೋಗುತ್ತದೆ! ಎಲ್ಲ ಹಾಡುಗಳೂ ನನಗೆ ಹಿಡಿಸಲಿಲ್ಲ. ಒಂದೆರಡು, ಅಡಿಗೆಮನೆಯಲ್ಲಿ ಪಾತ್ರೆ ಜೋಡಿಸುವುದರೊಳಗೆ ಮುಗಿದು, ಯಾಕೆ ಮುಗಿದವೆಂದು ತಿಳಿಯುವುದಿಲ್ಲ. ಆದರೆ ಇದನ್ನು ಯಾರ ಮೂಗೂ ಎನ್ನುವಂತಿಲ್ಲ. ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳೂ ಬಂದವು. ಕೇಳುಗರು ನಾವು ಭಾವಿಸುವಷ್ಟು ಮಂಕರಲ್ಲ.

ಅಲ್ಲಿಂದ ಮುಂದೆ ತಂಡ ಮೌನವಾಯಿತು. 2019ರಲ್ಲಿ ಬ್ರಿಟನಿ ತಾನೊಬ್ಬಳೇ ಒಂದು ಆಲ್ಬಂ ಮಾಡಿ ಅದಕ್ಕೆ 'ಜೇಮಿ' ಎಂದು ಅಕ್ಕನ ಹೆಸರಿಟ್ಟಳು. ಅದರಲ್ಲಿ ಒಂದು ಹಾಡಿದೆ. ಅವಳ ತಾಯಿ ಬಿಳಿಯ ಬಣ್ಣದವಳು, ತಂದೆ ಕಪ್ಪು ಬಣ್ಣದವನು. ಅವಳು ಚಿಕ್ಕವಳಿದ್ದಾಗ ಯಾರೋ ತಂದೆಯ ಕಾರಿನ ಟೈರುಗಳನ್ನು ಕುಯ್ದು, ಕಾರಿನೊಳಗೆ ಮೇಕೆಯ ತಲೆಯೊಂದನ್ನು ಇಟ್ಟು ಹೋಗಿದ್ದರು. ಅದನ್ನು ಆಕೆ ಗಟ್ಟಿಯಾಗಿ ಹಾಡುವುದಿಲ್ಲ. ಮಕ್ಕಳು ಟೊಮೇಟೊ ಏಕೆ ಕೆಂಪು ಎಂದು ಕೇಳುವ ಧಾಟಿಯಲ್ಲಿ, ನಾನು ಯಾವ ಬಣ್ಣ ಎಂದು ಕೇಳಿಕೊಳ್ಳುತ್ತ ಹೋಗುತ್ತಾಳೆ. ಬಣ್ಣ ಯಾರ ಕಡೆಯದು ಎಂದು ತೊಟ್ಟಿಲ ಬಳಿ ನಾವು ತಮಾಷೆಗೆ ಆಡುವ ಮಾತು ಒಂದೊಂದು ಊರಿನಲ್ಲಿ ಯಾವ ರೂಪ ತಾಳುತ್ತದೆ! ಈ ಹಾಡು ಕೇಳಿದ ದಿನ ಮೊಮ್ಮಗ, "ಇದು ಯಾರ ಹಾಗಿದೆ ತಾತ?" ಎಂದು ಕೆಣಕಲಿಲ್ಲ. ನಾನೂ ಫೋನನ್ನು ಅವನ ಕೈಗೆ ಕೊಟ್ಟು ಸುಮ್ಮನೆ ಕುಳಿತೆ.

2024ರ ಡಿಸೆಂಬರಿನಲ್ಲಿ, ಗವರ್ನರು ಅಡ್ಡ ನಿಂತಿದ್ದ ಅದೇ ಟಸ್ಕಲೂಸಾದಲ್ಲಿ, ಬ್ರಿಟನಿ, ಕಾಕ್ರೆಲ್, ಫಾಗ್ ಮೂವರೂ ಮುನ್ಸೂಚನೆ ಕೊಡದೆ ಮತ್ತೆ ಒಟ್ಟಿಗೆ ವೇದಿಕೆ ಹತ್ತಿದರು. ಹಳೆಯ ಡ್ರಮ್ಮಿನವನು ಇರಲಿಲ್ಲ. 2025ರಲ್ಲಿ ಊರೂರು ಸುತ್ತಿ ನುಡಿಸಿದರು. 'ಅನದರ್ ಲೈಫ್' ಎಂಬ ಹೊಸ ಹಾಡೂ ಹೊರಬಂತು. ಹದಿನೈದು ವರ್ಷದ ಹಿಂದೆ ಮೇಲೆ ಬರುತ್ತಿದ್ದವರು ಈಗ ಹಿರಿಯರ ಸಾಲಿನ ಅಂಚಿಗೆ ಬಂದಿದ್ದಾರೆ, ಹೊಸದಾಗಿ ಕಂಠ ಬಿಟ್ಟು ಹಾಡುವ ಹುಡುಗಿಯರನ್ನು "ಥೇಟು ಬ್ರಿಟನಿ ಹೊವರ್ಡ್" ಎನ್ನುವ ರಾಯರು ಅಲ್ಲಿಯೂ ಹುಟ್ಟಿಕೊಳ್ಳದೆ ಇರುವುದಿಲ್ಲ. ಆ ಹೊಸ ಹಾಡನ್ನು ಮೊಮ್ಮಗ ನನಗೆ ಕಳಿಸಿಕೊಟ್ಟಿದ್ದಾನೆ. ಎರಡು ಸಲ ಕೇಳಿದ್ದೇನೆ. ಯಾವುದರ ಹಾಗಿದೆ ಎಂದು ಇನ್ನೂ ಹೊಳೆದಿಲ್ಲ.